ತುಂಡು ಗೆರೆಯ ಕಾರುಬಾರು

ನಮ್ಮತ್ತೆ ಮನೆ ಕಟ್ಟಿಸಲು ಹೊರಟಾಗ ಎಂಜಿನಿಯರ್ ತಂದ ಪ್ಲಾನ್ ನೋಡಿ ಕೇಳಿದ ಮೊದಲ ಪ್ರಶ್ನೆ: "ಏನಪ್ಪಾ ಇದು, ಅಡುಗೆಮನೆಗೆ ಯಾಕೆ ಹೊಲಿಗೆ ಹಾಕಿದ್ದೀಯ?" ಆ ಹುಡುಗ ನಕ್ಕು, "ಅದು ಲಾಫ್ಟ್ ಆಂಟಿ, ಮೇಲ್ಗಡೆ ಬರುತ್ತೆ" ಅಂದ. ಪ್ಲಾನ್ ಅಂದರೆ ಮನೆಯನ್ನು ಹೆಚ್ಚುಕಮ್ಮಿ ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ಚಿತ್ರ. ಕೊಯ್ದ ಗೋಡೆಗೆ ದಪ್ಪ ಗೆರೆ. ಕೆಳಗೆ ಕಾಣುವ ಅಡುಗೆ ಕಟ್ಟೆಗೆ, ಮೆಟ್ಟಿಲಿಗೆ ತೆಳು ಗೆರೆ. ತಲೆಯ ಮೇಲಿನ ಲಾಫ್ಟ್, ಸಜ್ಜೆ, ಬೀಮ್ ಆ ನೋಟಕ್ಕೆ ಸಿಗುವುದಿಲ್ಲ. ಹಾಗಂತ ಬಿಡೋಕಾಗುತ್ತಾ? ಅದಕ್ಕೇ ಈ ತುಂಡು ತುಂಡು ಗೆರೆ.

ಡಿಪ್ಲೊಮಾ, ಬಿ.ಇ. ಓದಿದವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನಲ್ಲಿ ಕಾಣುವ ಅಂಚನ್ನು ಸರ್ರನೆ ಎಳೆದುಬಿಡಬಹುದು. ಒಳಗೆ ಅಡಗಿದ ಅಂಚಿಗೆ ಮಾತ್ರ ಸುಮಾರು ಮೂರು ಮಿಲಿಮೀಟರ್ ಗೆರೆ, ಒಂದು ಮಿಲಿಮೀಟರ್ ಬಿಡುವು, ಮತ್ತೆ ಗೆರೆ. ಉದ್ದ ಹೆಚ್ಚುಕಡಿಮೆ ಆದರೆ ಶೀಟೇ ಹಲ್ಲು ಬಿಟ್ಟಂತೆ ಕಾಣುತ್ತದೆ. ಮೂಲೆಯಲ್ಲಿ ಎರಡು ಗೆರೆಗಳು ಕೂಡಲೇಬೇಕು. ಬಿಡುವು ಮೂಲೆಗೇ ಬಂತೋ, ಮೂಲೆಯೇ ನಾಪತ್ತೆ! ಇನ್ನು ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಅಂತ ಸಾಗುವುದು ಸೆಂಟರ್ ಲೈನ್, ಅಂದರೆ ವಸ್ತುವಿನ ನಟ್ಟನಡುವೆ ಹಾಯುವ ಗೆರೆ. ಬೋಲ್ಟನ್ನು ಕೊಯ್ದು ಹುಡುಕಿದರೂ ಅಂಥ ಗೆರೆ ಅದರೊಳಗೆ ಸಿಗಲ್ಲ. ಆದರೆ ಲೇತ್ ಮುಂದೆ ನಿಂತವನ ಕೆಲಸವೆಲ್ಲ ಅದನ್ನೇ ನಂಬಿಕೊಂಡಿದೆ.

ವಿಜ್ಞಾನದವರೂ ಈ ಮುರಿದ ಗೆರೆಯನ್ನು ಚೆನ್ನಾಗಿಯೇ ದುಡಿಸಿಕೊಂಡಿದ್ದಾರೆ. ಎಸ್‌ಎಸ್‌ಎಲ್‌ಸಿಯ ಬೆಳಕಿನ ಪಾಠ ನೆನಪಿದೆಯಲ್ವಾ? ಪೀನ ದರ್ಪಣದ ಮುಂದೆ ಬೆಳಕಿನ ಕಿರಣಕ್ಕೆ ಇಡೀ ಗೆರೆ, ಬಾಣದ ಗುರುತು. ಕನ್ನಡಿಯ ಹಿಂದೆ ತುಂಡು ಗೆರೆ. ಅಲ್ಲಿ ಬೆಳಕು ಹೋಗಿಯೇ ಇಲ್ಲ, ಅಲ್ಲಿಂದ ಬಂದಂತೆ ನಮ್ಮ ಕಣ್ಣಿಗೆ ಅನಿಸುತ್ತದೆ ಅಷ್ಟೆ. ಅದಕ್ಕೇ ಅದು ಮಿಥ್ಯ ಪ್ರತಿಬಿಂಬ.

ರಸಾಯನಶಾಸ್ತ್ರಕ್ಕೆ ಬಂದರೆ ಅದೇ ಗೆರೆಗೆ ಬೇರೆ ಕೆಲಸ. ನೀರಿನ ಒಂದು ಅಣುವಿನೊಳಗೆ ಹೈಡ್ರೋಜನ್, ಆಕ್ಸಿಜನ್ ನಡುವೆ ಗಟ್ಟಿ ಗೆರೆ. ಒಂದು ಅಣುವಿನಿಂದ ಪಕ್ಕದ ಅಣುವಿಗೆ ತುಂಡು ಗೆರೆ, ಅಂದರೆ ಹೈಡ್ರೋಜನ್ ಬಂಧ. ಗಟ್ಟಿ ಬಂಧದ ಬಲದಲ್ಲಿ ಇದರದ್ದು ಸುಮಾರು ಇಪ್ಪತ್ತನೇ ಒಂದು ಪಾಲು. ಸುಮ್ನೆ ಅಂದುಕೊಳ್ಳಬೇಡಿ! ನೀರಿನ ದಾಯಾದಿ ಹೈಡ್ರೋಜನ್ ಸಲ್ಫೈಡ್‌ನಲ್ಲಿ ಈ ನಂಟು ತೀರಾ ದುರ್ಬಲ. ಹಾಗಾಗಿ ಅದು ಮೈನಸ್ 60 ಡಿಗ್ರಿಗೇ ಕುದಿದು ಗಾಳಿಯಾಗುತ್ತದೆ. ನೀರು ಲೋಟದಲ್ಲಿ ನಿಂತಿರುವುದೇ ಆ ತುಂಡು ಗೆರೆಗಳ ದಯೆಯಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ರಾಫಿನ ತುಂಡು ಗೆರೆ. ಅನಿಲವನ್ನು ತಣ್ಣಗೆ ಮಾಡುತ್ತಾ ಹೋದರೆ ಅದರ ಗಾತ್ರ ಕುಗ್ಗುತ್ತದೆ. ಅಳೆದು ನೋಡಿದಷ್ಟು ದೂರ ಇಡೀ ಗೆರೆ ಎಳೆಯುತ್ತಾರೆ. ಅಲ್ಲಿಂದ ಮುಂದೆ ಸ್ಕೇಲು ಇಟ್ಟು ಅದೇ ಓಟದಲ್ಲಿ ತುಂಡು ಗೆರೆ. ಯಾವ ಅನಿಲ ತಗೊಂಡರೂ, ಗಾತ್ರ ಸೊನ್ನೆಯಾಗುವ ಕಡೆ ಅದು ಹೋಗಿ ಮುಟ್ಟುವುದು ಮೈನಸ್ 273.15 ಡಿಗ್ರಿಯನ್ನು. ವಿಜ್ಞಾನಿ ಕೆಲ್ವಿನ್ 1848ರಲ್ಲಿ ಸೂಚಿಸಿದ ತಾಪಮಾನದ ಅಳತೆಪಟ್ಟಿಯ ಸೊನ್ನೆ ಇರುವುದು ಅಲ್ಲೇ. ತಮಾಷೆ ಅಂದರೆ, ಆ ಗೆರೆಯನ್ನು ಕೊನೆತನಕ ಇಡೀ ಗೆರೆ ಮಾಡಲು ಯಾರಿಂದಲೂ ಆಗದು. ನೈಟ್ರೋಜನ್ ಮೈನಸ್ 196ಕ್ಕೇ ದ್ರವವಾಗಿಬಿಡುತ್ತದೆ. ಹಟಮಾರಿ ಹೀಲಿಯಂ ಕೂಡ ಮೈನಸ್ 269ರ ಹತ್ತಿರ ಕೈಕೊಡುತ್ತದೆ. "ಇಲ್ಲಿವರೆಗೆ ಅಳೆದಿದ್ದೇನೆ, ಇಲ್ಲಿಂದಾಚೆ ನನ್ನ ಲೆಕ್ಕಾಚಾರ" ಅಂತ ಕಾಗದದ ಮೇಲೆ ಒಪ್ಪಿಕೊಳ್ಳಲು ಇಷ್ಟು ಸಾಕಲ್ವಾ?

ಹಣ ದುಪ್ಪಟ್ಟು ಮಾಡಿಕೊಡುವ ಜಾಹೀರಾತುಗಳಿಗೆ ಮಾತ್ರ ಈ ಸಂಕೋಚವಿಲ್ಲ. ಮುಂದಿನ ಹತ್ತು ವರ್ಷದ ಲಾಭವನ್ನೂ ದಪ್ಪ ಹಸಿರು ಗೆರೆಯಲ್ಲೇ ಮೇಲಕ್ಕೆ ಎಳೆದಿರುತ್ತಾರೆ. ರಬ್ಬರ್ ತಗೊಂಡು ಅಲ್ಲಲ್ಲಿ ಅಳಿಸಿಬಿಡೋಣ ಅನಿಸುತ್ತದೆ.