ಟಕಟಕ ಸದ್ದಿಗೆ ಗೇರ್ ಆಯಿಲ್ ಮದ್ದಲ್ಲ

"ಹಳೆ ಡೀಸೆಲ್ ಪಿಕಪ್‌ನ ಇಂಜಿನ್ ಟಕಟಕ ಅಂದರೆ ಅರ್ಧ ಲೀಟರ್ ಗೇರ್ ಆಯಿಲ್ ಬೆರೆಸಿ, ಸದ್ದು ಮಾಯ" ಎಂಬ ವಾಟ್ಸಾಪ್ ಸಂದೇಶ ಬದಿಯಡ್ಕ, ಮುಳ್ಳೇರಿಯ ಕಡೆ ಅಡಕೆ ಸಾಗಿಸುವವರ ನಡುವೆ ಓಡಾಡುತ್ತಿದೆ. ಸದ್ದು ತಗ್ಗಲೂಬಹುದು, ಅಪಾಯವಿರುವುದೇ ಅಲ್ಲಿ. ದಪ್ಪ ಎಣ್ಣೆ ಸವೆತವನ್ನು ಮುಚ್ಚಿಡುತ್ತದೆ, ಸರಿಪಡಿಸುವುದಿಲ್ಲ. ಮೇಲಾಗಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ರಾಕರ್‌ಗಳಿಗೆ (ವಾಲ್ವ್ ಒತ್ತುವ ತೋಳುಗಳಿಗೆ) ತಲುಪಲು ತಡಮಾಡುತ್ತದೆ.

ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಎಷ್ಟೋ ಸಲ ಎಣ್ಣೆಯೇ ಕಡಿಮೆ ಇರುತ್ತದೆ. ಅದು ಸರಿಯಿದ್ದರೆ ಸದ್ದು ಎಲ್ಲಿಂದ ಎಂದು ಕಿವಿಗೊಡಿ. ವಾಲ್ವ್ ಕವರಿನ ಕೆಳಗಿಂದ ಸಣ್ಣಗೆ ಟಿಕ್ ಟಿಕ್ ಎಂದರೆ ಬಹುಮಟ್ಟಿಗೆ ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದು ಹೆಚ್ಚಾಗಿದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಕಂಪನಿ ಹೇಳಿದ ಅಳತೆಗೆ ಅದನ್ನು ಹೊಂದಿಸಬೇಕು. ತಣ್ಣಗಿದ್ದಾಗ ಚಟಪಟ ಎಂದು, ಬಿಸಿಯಾದಂತೆ ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಹೊಗೆ ಪೈಪು ಇಂಜಿನ್‌ಗೆ ಸೇರುವಲ್ಲಿನ ಪ್ಯಾಕಿಂಗ್) ನೋಡಿ, ಸೋರುತ್ತಿದ್ದರೆ ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. ಲೋಡ್ ಹೊತ್ತು ಚಡಾವು ಏರುವಾಗ ಬುಡದಿಂದ ಗುದ್ದುವ ಸದ್ದು ಬಂದು ಆಯಿಲ್ ಲೈಟೂ ಮಿನುಗಿದರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸಿ. ಅದು ಬೇರಿಂಗ್ ಸವೆದ ಕೇಸು, ಬೇರೆ ಗಾಡಿಗೆ ಕಟ್ಟಿ ಎಳೆದುಕೊಂಡೇ ಹೋಗಬೇಕು.

ಸದ್ದು ಯಾವ ಸಿಲಿಂಡರಿನದೆಂದು ತಿಳಿಯಲು ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ನೋಡುವ ಹಳೇ ಮೇಸ್ತ್ರಿಗಳ ವಿದ್ಯೆ ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಭಾರೀ ಒತ್ತಡದ ಡೀಸೆಲ್ ಹೋಗುವ) ಗಾಡಿಗೆ ಬೇಡವೇ ಬೇಡ. ಅಲ್ಲಿ 1000 ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ಗೇರ್ ಆಯಿಲ್ ಈಗಾಗಲೇ ಸುರಿದವರು ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ.