ಗೈಡ್ ಬದಲಿಸುವುದು ಅಷ್ಟು ಸುಲಭವೇ?

"ಗೈಡ್‌ಗೆ ನಿಮ್ಮ ವಿಷಯ ಗೊತ್ತಿಲ್ಲದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಿ" ಎಂದು ಪಿಎಚ್‌ಡಿ ಮಾರ್ಗದರ್ಶಕರ ಬಗೆಗಿನ ಲೇಖನದಲ್ಲಿ ಲೇಖಕರು ಸಲೀಸಾಗಿ ಬರೆದುಬಿಟ್ಟಿದ್ದಾರೆ. ಎಲ್ಲಿ ಸಿಗುತ್ತಾರೆ ಸ್ವಾಮಿ? ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಂತೆ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಪಿಎಚ್‌ಡಿ ವಿದ್ಯಾರ್ಥಿಗಳೇ ಮಿತಿ. ಸೀಟು ಖಾಲಿ ಇದ್ದವರ ಹತ್ತಿರ ಸೇರಿಕೊಳ್ಳುವುದು ನಮ್ಮ ಪಾಡು.

ನನ್ನದು ಶಾಸನಗಳ ಭಾಷೆಯನ್ನು ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸುವ ಕೆಲಸ. ನನ್ನ ಗೈಡ್ ಮೇಡಂ ಹಳಗನ್ನಡ ವ್ಯಾಕರಣದವರು, ಕೋಡ್ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಪ್ರೋಗ್ರಾಂ ಸಪ್ತಮಿ ವಿಭಕ್ತಿಯ 'ಒಳ್' ಪ್ರತ್ಯಯವನ್ನು (ಈಗಿನ 'ಅಲ್ಲಿ') ಕಿತ್ತು ಬೇರೆ ಪದವೆಂದು ಎಣಿಸಿದ್ದನ್ನು ಪ್ರಿಂಟ್‌ಔಟ್‌ನ ಮೊದಲ ಪುಟದಲ್ಲೇ ಹಿಡಿದು, ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟರು. ಲೆಕ್ಕದ ಭಾಗಕ್ಕೆ ಕಂಪ್ಯೂಟರ್ ಸೈನ್ಸ್ ವಿಭಾಗದವರೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಕೇಳಿಕೊಂಡೆ. ಹೀಗೆ ಬೇರೆ ಬೇರೆ ವಿಷಯ ಬೆರೆತ ಅಂತರಶಿಸ್ತೀಯ ಸಂಶೋಧನೆಗೆ ಅದೇ ಯುಜಿಸಿ ನಿಯಮದಲ್ಲಿ ಇದಕ್ಕೆ ಅವಕಾಶವಿದೆ, ಬಹಳ ಜನ ಕೇಳುವುದೇ ಇಲ್ಲ ಅಷ್ಟೆ. ಅರ್ಜಿಗೆ ಸಹಿ ಹಾಕಿದ್ದು ಮೇಡಮ್ಮೇ, ಒಂದು ಮಾತೂ ಆಡದೆ.

ಗೆಳೆಯನೊಬ್ಬನಿಗೆ ಆ ಅದೃಷ್ಟವಿಲ್ಲ. ಅವನ ಗೈಡ್ ಗೊತ್ತಿಲ್ಲ ಎನ್ನಲು ಮನಸ್ಸಾಗದೆ ವಿಷಯವನ್ನೇ ತಮಗೆ ಗೊತ್ತಿರುವ ಕಡೆ ತಿರುಗಿಸಿಬಿಟ್ಟರು. ಪಾಪ, ಮತ್ತೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಬರೆಯುತ್ತ ಕೂತಿದ್ದಾನೆ. ಲೇಖನ ಇಂಥ ಗೈಡ್‌ಗಳ ಬಗ್ಗೆ ಬರಬೇಕಿತ್ತು.