ಟರ್ಬೋ ಆಮೇಲೆ ನೋಡೋಣ, ಮೊದಲು ಪೆಟ್ರೋಲ್ ಯಾವುದು ಹೇಳಿ

ಗಾಡಿಗೆ ಟರ್ಬೋ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು) ಹಾಕಿಸಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು, "ಅಣ್ಣಾ, ಯಾವ ಟರ್ಬೋ ತಗೊಳ್ಲಿ?" ಎರಡನೆಯದು, "ಕಮ್ಮಿ ರೇಟಲ್ಲಿ ಇಸಿಯು ಯಾವುದಿದೆ?" ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಪೆಟ್ರೋಲ್ ವಿಷಯ ಯಾರೂ ಎತ್ತುವುದಿಲ್ಲ. ಬಂಕಿಗೆ ಹೋದರೆ ಹಾಕ್ತಾರೆ, ಅದರಲ್ಲೇನಿದೆ ಅನ್ನೋ ಧೈರ್ಯ.

ನನ್ನ ಲೆಕ್ಕ ಪೂರ್ತಿ ಉಲ್ಟಾ. ಮೊದಲು ಪೆಟ್ರೋಲ್ ತೀರ್ಮಾನ ಆಗಬೇಕು. ಆಮೇಲೆ ಗಾಡಿ ಟ್ಯೂನ್ ಮಾಡುವವರು, ಅಂದರೆ ಪೆಟ್ರೋಲ್, ಸ್ಪಾರ್ಕ್ ಲೆಕ್ಕ ಹೊಂದಿಸುವವರು ಯಾರು ಅನ್ನೋದು. ಅವರ ಕೈಗೆ ಪಳಗಿರುವ ಇಸಿಯು ಮೂರನೆಯದು. ಟರ್ಬೋ ಕಟ್ಟಕಡೆಗೆ.

ಈಚೆಗೆ ಒಬ್ಬ ಹುಡುಗ ತಂದಿದ್ದು ಹಳೇ ಹೋಂಡಾ ಸಿಟಿ ವಿಟೆಕ್. 1.5 ಲೀಟರ್ ಎಂಜಿನ್, ಕಂಪನಿಯಿಂದ ಬಂದಾಗ 106 ಹಾರ್ಸ್‌ಪವರ್. ಬೆಂಗಳೂರಿನಲ್ಲಿ ಈ ಗಾಡಿಗೆ ಪ್ರಾಣ ಬಿಡುವವರು ಇವತ್ತಿಗೂ ಇದ್ದಾರೆ. ಅವನಿಗೆ 180 ಬೇಕಂತೆ. ಅತಿಯಾಸೆ ಏನಲ್ಲ. ಆದರೆ ಅದು ಟರ್ಬೋ ಇಲ್ಲದೆ ಓಡಲೆಂದೇ ಮಾಡಿದ ಎಂಜಿನ್, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಹಿಂಡುವ ಪ್ರಮಾಣ) ಜಾಸ್ತಿ. ಅದರ ಮೇಲೆ ಬೂಸ್ಟ್, ಅಂದರೆ ಟರ್ಬೋ ಒತ್ತಿ ಕಳಿಸುವ ಗಾಳಿ, ತುಂಬಿದರೆ ಮೊದಲು ಕೈಕೊಡುವುದು ಪೆಟ್ರೋಲ್. ಪ್ಲಗ್ ಹೊತ್ತಿಸಿದ ಬೆಂಕಿ ಸಿಲಿಂಡರಿನ ಅಂಚಿಗೆ ತಲುಪುವ ಮೊದಲೇ, ಅಲ್ಲಿ ಉಳಿದ ಪೆಟ್ರೋಲ್ ಮತ್ತು ಗಾಳಿ ಬಿಸಿಗೆ, ಒತ್ತಡಕ್ಕೆ ತಾನಾಗೇ ಸಿಡಿಯುತ್ತದೆ. ಅದೇ ನಾಕಿಂಗ್. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಚೂರಾಗುವುದು ಇದರಿಂದಲೇ. ಇದನ್ನು ತಡೆದುಕೊಳ್ಳುವ ತಾಕತ್ತಿಗೆ ಆಕ್ಟೇನ್ ಅನ್ನುತ್ತಾರೆ. ಅದೇ ಪವರ್ ಅಂದುಕೊಂಡು ಕಂಪನಿಯಿಂದ ಬಂದ ಹಾಗೇ ಇರುವ ಆಲ್ಟೋಗೆ ದುಬಾರಿ ಪೆಟ್ರೋಲ್ ಹಾಕಿಸುವವರ ದುಡ್ಡು ಸುಮ್ನೆ ಹೊಗೆ.

ಈಗ ಬೈಸಿಕೊಳ್ಳುವ ಮಾತು. ಎಲ್ಲರೂ ಶಾಪ ಹಾಕುತ್ತಿರುವ ಇ20 ಪೆಟ್ರೋಲ್ (ಶೇಕಡಾ 20 ಎಥನಾಲ್ ಬೆರೆಸಿದ್ದು), ಟರ್ಬೋ ಬಿಲ್ಡ್ ಮಾಡುವವರ ಪಾಲಿಗೆ ಒಳ್ಳೆಯದೇ.

2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಯಾವ ಬಂಕಿಗೆ ಹೋದರೂ ಹೆಚ್ಚೂಕಮ್ಮಿ ಅದೇ. ಮೈಲೇಜ್ ಇಳಿಯುತ್ತದೆ ಅನ್ನೋ ದೂರು ಸುಳ್ಳಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳಿಗೂ ಅದು ಆಗಿಬರುವುದಿಲ್ಲ. ಆದರೆ ಎಥನಾಲ್‌ನ ಆಕ್ಟೇನ್ 108ರ ಆಸುಪಾಸು. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಿಸಿ ಹೀರಿಕೊಳ್ಳುತ್ತದೆ. ಟರ್ಬೋದಿಂದ ಬಿಸಿಯಾಗಿ ಬಂದ ಗಾಳಿ ಅಷ್ಟರಮಟ್ಟಿಗೆ ತಣ್ಣಗಾಗುತ್ತದೆ. ಮೊದಲು 91 ಆಕ್ಟೇನ್ ಪೆಟ್ರೋಲಲ್ಲಿ ಒದ್ದಾಡುತ್ತಿದ್ದವರಿಗೆ ಈಗ ಮಾಮೂಲಿ ಬಂಕಿನಲ್ಲೇ 95 ಸಿಗುತ್ತಿದೆ. ಇದನ್ನು ಬೇಡ ಅನ್ನೋದು ಯಾಕೆ?

ತೊಂದರೆ ಇರುವುದು ಎಥನಾಲ್‌ನಲ್ಲಲ್ಲ, ಎಷ್ಟು ಎಥನಾಲ್ ಬಂತು ಅಂತ ತಿಳಿಯದೆ ಇರುವುದರಲ್ಲಿ. ಅದಕ್ಕೇ ನಾನು ಒಂದು 100 ಮಿಲಿ ಅಳತೆ ಸಿಲಿಂಡರ್ ಇಟ್ಟುಕೊಂಡಿದ್ದೇನೆ. 10 ಮಿಲಿ ನೀರು ಹಾಕಿ, ಮೇಲೆ 90 ಮಿಲಿ ಪೆಟ್ರೋಲ್. ಬಾಯಿ ಮುಚ್ಚಿ ಅಲ್ಲಾಡಿಸಿದರೆ ಹಾಲಿನ ಹಾಗೆ ಮಸುಕಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಎರಡು ಪದರ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿದಿರುತ್ತದೆ. ಹತ್ತರಲ್ಲಿದ್ದ ಗೆರೆ 28ರ ಹತ್ತಿರ ಬಂದರೆ ಇ20 ಅಂತ ಅರ್ಥ. ಮುಟ್ಟಿ ನೋಡಿದ ಹಾಗೆ ಗೊತ್ತಾಗುತ್ತದೆ, ಅದೂ ಪುಕ್ಕಟೆ.

ಇದನ್ನು ನೋಡಿದವರಿಗೆ ಇನ್ನೊಂದು ಅಪಾಯವೂ ಹೊಳೆಯಬೇಕು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೆ ಒಳಗೆ ಆಗುವುದೂ ಇದೇ. ಎಥನಾಲ್ ನೀರಿನ ಜೊತೆ ತಳಕ್ಕೆ ಹೋಗುತ್ತದೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗಿರುತ್ತದೆ. ವರ್ಷಕ್ಕೆರಡು ಸಲ ಹೊರಗೆ ತೆಗೆಯುವ ಶೋಕಿ ಗಾಡಿಗಳಿಗೆ ಈ ಕಾಟ ಜಾಸ್ತಿ.

"ಎಕ್ಸ್‌ಪಿ100 ಹಾಕ್ಸೋಣ, ತಲೆನೋವೇ ಇರಲ್ಲ" ಅಂದ ಹುಡುಗ. ಅದು ಇಂಡಿಯನ್ ಆಯಿಲ್ ಬಂಕಿನ 100 ಆಕ್ಟೇನ್ ಪೆಟ್ರೋಲ್, ಚೆನ್ನಾಗೇ ಇದೆ. ಬೆಲೆ ಮಾಮೂಲಿಗಿಂತ ಎಷ್ಟೋ ಜಾಸ್ತಿ, 2020ರಲ್ಲಿ ಬಂದಾಗಲೇ ಲೀಟರಿಗೆ 160 ರೂಪಾಯಿ ಆಸುಪಾಸು ಇತ್ತು. ಹೋಗಲಿ, ದುಡ್ಡಿದೆ ಅಂತಲೇ ಇಟ್ಟುಕೊಳ್ಳಿ. ರಾತ್ರಿ ಉಪ್ಪಿನಂಗಡಿಯಲ್ಲಿ ಟ್ಯಾಂಕ್ ಖಾಲಿಯಾದರೆ ಏನು ಮಾಡುತ್ತೀರಿ? 100 ಆಕ್ಟೇನ್‌ಗೆ ಟ್ಯೂನ್ ಮಾಡಿದ ಗಾಡಿಗೆ ಸಿಕ್ಕಿದ್ದು ಹಾಕಿಸಿ ಶಿರಾಡಿ ಘಾಟಿ ಹತ್ತಿದರೆ ಪಿಸ್ಟನ್ ಆಸೆ ಬಿಡಬೇಕು. ಟ್ಯೂನ್ ಮಾಡಬೇಕಾದ್ದು ನೀವು ಹಾಕಿಸಬೇಕೆಂದಿರುವ ಪೆಟ್ರೋಲಿಗಲ್ಲ, ಟ್ಯಾಂಕಿಗೆ ಬೀಳಬಹುದಾದ ಅತಿ ಕಳಪೆ ಪೆಟ್ರೋಲಿಗೆ. ಟ್ರ್ಯಾಕಿಗೆ ಹೋಗುವ ದಿನಕ್ಕೆ ಬೇಕಾದರೆ ಇಸಿಯುನಲ್ಲಿ ಬೇರೆ ಮ್ಯಾಪ್ (ಪೆಟ್ರೋಲ್, ಸ್ಪಾರ್ಕ್ ಲೆಕ್ಕದ ಪಟ್ಟಿ) ಇರಲಿ. ಡಬ್ಬಿಯಲ್ಲಿ ಬರುವ ಆಕ್ಟೇನ್ ಬೂಸ್ಟರ್ ಮಾತಂತೂ ಬೇಡ. ಡಬ್ಬಿಯವರ ಒಂದು ಪಾಯಿಂಟ್ ಎಷ್ಟೋ ಸಲ ಆಕ್ಟೇನಿನ ಹತ್ತನೇ ಒಂದು ಪಾಲು, ಮೂರು ಪಾಯಿಂಟ್ ಏರುತ್ತದೆ ಅಂದರೆ 95 ಹೋಗಿ 95.3 ಅಂತ ಅರ್ಥ.

2024ರ ಮಾರ್ಚಿನಲ್ಲಿ ಎಥನಾಲ್ 100 ಅಂತಲೂ ಬಂತು. ಐದು ರಾಜ್ಯಗಳ 183 ಬಂಕುಗಳಲ್ಲಿ, ಅದರಲ್ಲಿ ಕರ್ನಾಟಕವೂ ಒಂದು. ಬಾಯಲ್ಲಿ ನೀರೂರುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಪಂಪು, ಪೈಪು ಎಲ್ಲಾ ಬೇರೆಯೇ ಬೇಕು. 180 ಹಾರ್ಸ್‌ಪವರ್‌ಗೆ ಬರೀ ಪೆಟ್ರೋಲಾದರೆ ನಿಮಿಷಕ್ಕೆ 350 ಸಿಸಿ ಹರಿಸುವ ನಾಲ್ಕು ಇಂಜೆಕ್ಟರ್ ಸಾಕು. ಇ20ಗೆ ಅದರ ಮೇಲೆ ಶೇಕಡಾ 7-8 ಜಾಸ್ತಿ. ಇ85 (ಶೇಕಡಾ 85 ಎಥನಾಲ್) ತರಹದ್ದಕ್ಕೆ ಶೇಕಡಾ 40ಕ್ಕೂ ಜಾಸ್ತಿ. ಪೆಟ್ರೋಲ್ ಮೊದಲು ತೀರ್ಮಾನ ಮಾಡಿ ಅಂತ ಬಡಕೊಳ್ಳುವುದು ಇದಕ್ಕೇ. ಇಂಜೆಕ್ಟರ್ ಎರಡೆರಡು ಸಲ ಕೊಳ್ಳುವ ಪರಿಸ್ಥಿತಿ ಯಾಕೆ?

ಇನ್ನು ಇಸಿಯು. ಫೋಕ್ಸ್‌ವ್ಯಾಗನ್, ಸ್ಕೋಡಾದ ಹೊಸ ಟಿಎಸ್‌ಐ ಗಾಡಿಗಳ ಮಾತು ಬೇರೆ. ಅವು ಟರ್ಬೋ ಜೊತೆಗೇ ಹುಟ್ಟಿದವು, ನಾಕ್ ಸೆನ್ಸರ್ ಇದೆ, ಒಳ್ಳೇ ರೀಮ್ಯಾಪ್ (ಕಂಪನಿ ಇಸಿಯುನಲ್ಲೇ ಮ್ಯಾಪ್ ಬದಲಿಸುವುದು) ಸಾಕು. ಹಳೇ ಸಿಟಿಗೆ ಅದು ನಡೆಯಲ್ಲ. ಪಿಗ್ಗಿಬ್ಯಾಕ್ ಡಬ್ಬಿ ಹಾಕಿ ಕಂಪನಿ ಇಸಿಯುಗೆ ಸುಳ್ಳು ಸಿಗ್ನಲ್ ಕೊಟ್ಟು ಕೆಲಸ ಸಾಗಿಸುವುದು ಚೀಪ್, ನಿಜ. ಆದರೆ ಆ ಇಸಿಯು ಮೆಲ್ಲಗೆ ಓಡಿಸುವಾಗ ಮಾತ್ರ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಹೆಚ್ಚುಕಮ್ಮಿ ಮಾಡುತ್ತದೆ. ಪೂರ್ತಿ ತುಳಿದಾಗ ಸೆನ್ಸರ್ ಬಿಟ್ಟು, ಎಥನಾಲ್ ಇಲ್ಲದ ಕಾಲದಲ್ಲಿ ಬರೆದ ಟೇಬಲ್ ಹಿಡಿಯುತ್ತದೆ. ಅಂದರೆ ಬೂಸ್ಟ್ ಏರಿದ ಹೊತ್ತಿನಲ್ಲೇ ಪೆಟ್ರೋಲ್ ಕಮ್ಮಿ ಬೀಳುತ್ತದೆ.

ಹಾಗಾಗಿ ಸ್ಟ್ಯಾಂಡಲೋನ್, ಅಂದರೆ ಕಂಪನಿಯದರ ಬದಲು ಹಾಕುವ ಬೇರೆಯೇ ಇಸಿಯು. ಹಾಲ್‌ಟೆಕ್, ಲಿಂಕ್, ಇಸಿಯುಮಾಸ್ಟರ್, ಮೆಗಾಸ್ಕ್ವರ್ಟ್, ಯಾವುದಾದರೂ ಆಗಲಿ. 180 ಹಾರ್ಸ್‌ಪವರ್‌ಗೆ ಇವುಗಳಲ್ಲಿ ಯಾವುದೂ ಕಮ್ಮಿಯಲ್ಲ. ಬ್ರಾಂಡಿಗೋಸ್ಕರ ಜಗಳ ಆಡುವವರನ್ನು ನೋಡಿದರೆ ನನಗೆ ನಗು. ನಿಮ್ಮ ಟ್ಯೂನರ್ ದಿನಾ ಕೈಯಾಡಿಸುವುದು ಯಾವುದರಲ್ಲೋ ಅದನ್ನೇ ತಗೊಳ್ಳಿ. ಅದಕ್ಕೊಂದು ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಸೇರಿಸಿ. ಪೈಪಿನಲ್ಲಿ ಹರಿಯುವುದರಲ್ಲಿ ಎಷ್ಟು ಎಥನಾಲ್ ಇದೆ ಅಂತ ಅದು ಇಸಿಯುಗೆ ಹೇಳುತ್ತಿರುತ್ತದೆ. ಸೆನ್ಸರಿನ ಸಿಗ್ನಲ್ 50 ಹರ್ಟ್ಜ್ ಬಂದರೆ ಎಥನಾಲ್ ಏನೂ ಇಲ್ಲ, 70 ಬಂದರೆ ಶೇಕಡಾ 20. ಎಷ್ಟು ಪೆಟ್ರೋಲ್, ಸ್ಪಾರ್ಕ್ ಯಾವಾಗ, ಬೂಸ್ಟ್ ಎಷ್ಟು ಎಲ್ಲವನ್ನೂ ಇಸಿಯು ಅದಕ್ಕೆ ತಕ್ಕ ಹಾಗೆ ಬದಲಿಸುತ್ತದೆ. ವೈಡ್‌ಬ್ಯಾಂಡ್ ಮೀಟರಿನಲ್ಲಿ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ಮೀಟರು) 14.7 ಅಂತ ನೋಡುವ ಚಟ ಬಿಟ್ಟು ಲ್ಯಾಂಬ್ಡಾ ನೋಡಿ, ಯಾವ ಪೆಟ್ರೋಲಾದರೂ ಸರಿಯಾದ ಅನುಪಾತಕ್ಕೆ ಅದು 1. ಇ20ಗೆ ಸರಿಯಾದ ಅನುಪಾತ ಸುಮಾರು 13.5. ಮೀಟರಿನ ಲೆಕ್ಕ ಮಾತ್ರ ಬರೀ ಪೆಟ್ರೋಲಿನದು.

ಟ್ಯೂನರೇ ಮುಖ್ಯ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ 0.91 ಬಾರ್. ಬೂಸ್ಟ್ ಎಷ್ಟಕ್ಕೆ ನಿಲ್ಲಬೇಕು ಅಂತ ತೀರ್ಮಾನಿಸುವ ವೇಸ್ಟ್‌ಗೇಟ್ ಸ್ಪ್ರಿಂಗ್ 0.6 ಬಾರ್ ಇದ್ದರೆ ಎಂಜಿನ್ ಕಾಣುವ ಒತ್ತಡ 1.51. ಅದೇ ಗಾಡಿ ಮಂಗಳೂರಿಗೆ ಇಳಿದರೆ 1.61 ಆಗುತ್ತದೆ, ಮೇಲಿಂದ ಸೆಕೆ ಬೇರೆ. ಮ್ಯಾಪಿನಲ್ಲಿ 1.6ರ ಖಾನೆಗಳು ಇರುತ್ತವೆ, ಆದರೆ ಬೆಂಗಳೂರಿನ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಎಂಜಿನ್ ಅಲ್ಲಿಗೆ ಹೋಗಿಯೇ ಇರುವುದಿಲ್ಲ. ತಿಳಿದವರು ಅಲ್ಲಿ ಮೊದಲೇ ಪೆಟ್ರೋಲ್ ಜಾಸ್ತಿ ಮಾಡಿ, ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆಳೆದು ಕಳಿಸುತ್ತಾರೆ. ಉಳಿದವರು ಡೈನೋ ಪ್ರಿಂಟ್ ಕೈಗಿಟ್ಟು ಬಿಲ್ ತಗೊಳ್ಳುತ್ತಾರೆ. ನಾಕ್ ಲಾಗ್ (ನಾಕಿಂಗ್ ಆದದ್ದರ ದಾಖಲೆ) ತೋರಿಸಿ ಅಂದರೆ ಯಾರು ಯಾರು ಅಂತ ಗೊತ್ತಾಗುತ್ತದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ರಸ್ತೆ ಗಾಡಿಗೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂದಿದೆ. ಇನ್ಶೂರೆನ್ಸ್‌ನವರಿಗೂ ನೆಪ ಸಿಗುತ್ತದೆ. ಇಷ್ಟೆಲ್ಲಾ ಮಾಡಿದ ಗಾಡಿಯನ್ನು ಟ್ರೈಲರ್ ಮೇಲಿಟ್ಟು ಕೊಯಮತ್ತೂರಿನ ಕರಿ ಟ್ರ್ಯಾಕಿಗೋ, ಚೆನ್ನೈ ಟ್ರ್ಯಾಕಿಗೋ ಒಯ್ಯುವುದೇ ವಾಸಿ.

ಹುಡುಗ ಟರ್ಬೋ ದುಡ್ಡು ಹಾಗೇ ಎತ್ತಿಟ್ಟಿದ್ದಾನೆ. ಸದ್ಯಕ್ಕೆ ಪೈಪುಗಳು, ಪಂಪು ಬದಲಾಗುತ್ತಿವೆ. ಇ20 ಹಾಕಿ ಕರಾವಳಿಯಲ್ಲಿ ಬೂಸ್ಟ್ ಓಡಿಸುತ್ತಿರುವವರು ಯಾರಾದರೂ ಇಲ್ಲಿದ್ದರೆ ಏಪ್ರಿಲ್, ಮೇ ತಿಂಗಳ ಲಾಗ್ ಕಾಮೆಂಟಿನಲ್ಲಿ ಹಾಕಿ. ಎಂಜಿನ್ನಿಗೆ ಹೋಗುವ ಗಾಳಿಯ ಬಿಸಿ, ಅಂದರೆ ಇಂಟೇಕ್ ಟೆಂಪರೇಚರ್, ಎಷ್ಟಕ್ಕೆ ಹೋಗುತ್ತಿದೆ ಅಂತ ನೋಡಬೇಕು, ಆ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್ ಸೈಜ್ ಇನ್ನೂ ತೀರ್ಮಾನ ಆಗಿಲ್ಲ.